ಬಿಸಿ ರೊಟ್ಟಿ ಮತ್ತು ನನ್ನ ಬಲಭುಜ

ಕಾಲು ಮುರಿದರೆ ಪಟ್ಟಿ ಕಟ್ಟುತ್ತಾರೆ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ. ಭುಜ ನೋಯುತ್ತದೆ ಎಂದು ಹೇಳಿ ನೋಡಿ! ಎದುರಿಗಿದ್ದವರು ಮೊದಲು ಭುಜ ನೋಡುತ್ತಾರೆ. ಅಲ್ಲಿ ಬಾವಿಲ್ಲ, ಗಾಯವಿಲ್ಲ, ಏನೂ ಇಲ್ಲ. ಆಮೇಲೆ ನಿಮ್ಮ ಮುಖ ನೋಡುತ್ತಾರೆ. ಆ ಎರಡನೆಯ ನೋಟ ಇದೆಯಲ್ಲ, ಅದನ್ನು ತಡೆದುಕೊಳ್ಳುವುದು ನೋವು ತಡೆದುಕೊಳ್ಳುವುದಕ್ಕಿಂತ ಕಷ್ಟ.

ಈಗ ನನ್ನ ಬಲಗೈ ಮೇಲೇರುತ್ತದೆ. ಪೂರ್ತಿ ಅಲ್ಲ, ತುರುಬು ಕಟ್ಟಿಕೊಳ್ಳುವಷ್ಟು, ಸೆರಗು ತಲೆಯ ಮೇಲೆ ಎಳೆದುಕೊಳ್ಳುವಷ್ಟು. ವ್ಯಾಯಾಮಕ್ಕೆ ಹೋಗುವ ಕ್ಲಿನಿಕ್ಕಿನ ಬೆಂಚಿನ ಮೇಲೆ ಒಂದು ದಿನ ಕಾಯುತ್ತ ಕುಳಿತಿದ್ದಾಗ, ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳು ತನ್ನ ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ನನ್ನನ್ನು ಕೇಳಿದಳು: “ಅಕ್ಕಾರ, ನಿಮ್ಮ ಮನ್ಯಾಗ ನಂಬಿದ್ರೇನ್ರಿ?” ಅಷ್ಟರಲ್ಲಿ ನನ್ನನ್ನು ಒಳಗೆ ಕರೆದರು. ನಾನು ಹೊರಗೆ ಬಂದಾಗ ಅವಳು ಒಳಗೆ ಹೋದಳು. ಅವಳಿಗೆ ಹೇಳಬೇಕಾಗಿದ್ದ ಉತ್ತರ ಇದು.

ನಮ್ಮದು ಬೈಲಹೊಂಗಲದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟ ಮನೆತನ. ನಾನು ಹಿರಿಯ ಸೊಸೆ, ಗಿರಿಜಾ. ಯಜಮಾನರು ತೀರಿಕೊಂಡು ಮೂರು ವರ್ಷದ ಮೇಲಾಯಿತು; ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಮಗಳು ಶೈಲಾಳನ್ನು ಕಿತ್ತೂರಿಗೆ ಕೊಟ್ಟಿದ್ದೇವೆ. ಮನೆಯಲ್ಲಿ ಅತ್ತೆ, ಮೈದುನ ಬಸವರಾಜ, ಅವನ ಹೆಂಡತಿ ಸವಿತಾ, ಅವರ ಬೆಳೆದ ಇಬ್ಬರು ಗಂಡುಮಕ್ಕಳು. ಅಂಗಡಿಯಲ್ಲಿ ದುಡಿಯುವ ಇಬ್ಬರು ಮಧ್ಯಾಹ್ನ ನಮ್ಮಲ್ಲೇ ಊಟ ಮಾಡುತ್ತಾರೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಗಂಡಸರು ಊಟಕ್ಕೆ ಕುಳಿತರೆ ಹಂಚಿನಿಂದ ಇಳಿದ ರೊಟ್ಟಿ ನೇರ ಅವರ ತಾಟಿಗೆ ಬೀಳಬೇಕು. ಬೆಳಿಗ್ಗೆ ಮಾಡಿಟ್ಟದ್ದು ಹೆಂಗಸರಿಗೆ, ಬಿಸಿಯದು ಗಂಡಸರಿಗೆ. ಕೊನೆಯವನು ಕೈ ತೊಳೆಯಲು ಏಳುವವರೆಗೆ ರೊಟ್ಟಿ ಬಡಿಯುವ ಕೈ ನಿಲ್ಲುವಂತಿಲ್ಲ. ಖಾಲಿ ತಾಟಿನ ಮುಂದೆ ಗಂಡಸು ಕಾಯುತ್ತ ಕುಳಿತರೆ ಮನೆಯ ಹೆಂಗಸರ ಮಾನ ಹೋದಂತೆ. ನಾನು ಬಂದಾಗಿನಿಂದ ಆ ಕೈ ನನ್ನದು. ನನ್ನ ರೊಟ್ಟಿ ತೆಳ್ಳಗೆ, ಅಂಚು ಒಡೆಯದೆ, ಹಂಚಿನ ಮೇಲೆ ಪೂರ್ತಿ ಉಬ್ಬುತ್ತದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಬೀಗರು ಬಂದರೆ “ಹಿರೇ ಸೊಸಿ ಕೈ ರೊಟ್ಟಿ ಹಾಕ್ರಿ” ಎಂದು ಕೇಳಿ ಉಣ್ಣುತ್ತಿದ್ದರು.

ಯಜಮಾನರು ಹೋದ ಮೇಲೆ ಈ ಮನೆಯಲ್ಲಿ ನನಗೆ ಉಳಿದ ಜಾಗ ಆ ಹಂಚಿನ ಮುಂದಿನದೊಂದೇ ಎಂದು ಅನ್ನಿಸತೊಡಗಿತ್ತು. ಯಾರೂ ಹಾಗೆ ಅಂದಿರಲಿಲ್ಲ. ಅನ್ನಬೇಕಾಗಿಯೂ ಇಲ್ಲ. ಗಂಡನಿಲ್ಲ, ಗಂಡುಮಗನಿಲ್ಲ. ಮಗಳ ಗಂಡನ ಮನೆಯಲ್ಲಿ ಹೋಗಿ ಕೂರುವ ಹಾಗಿಲ್ಲ. ತವರು ಕಟಕೋಳದಲ್ಲಿ ಅಣ್ಣನ ದೊಡ್ಡ ಸಂಸಾರ. ಕೈ ನಡೆಯುವವರೆಗೆ ಈ ಮನೆ ನನ್ನದು, ಕೈ ನಿಂತರೆ ನಾನು ಎಲ್ಲಿಯವಳು? ಈ ಪ್ರಶ್ನೆ ತಲೆಯಲ್ಲಿ ಇದ್ದಾಗಲೇ ಭುಜ ನೋಯಲು ಶುರುವಾಯಿತು.

ಯಜಮಾನರ ವರ್ಷದ ಕಾರ್ಯ ಮುಗಿದ ಆಸುಪಾಸು ಅದು. ಅದಕ್ಕೆ ಸ್ವಲ್ಪ ಮೊದಲು ಹಳೆಯ ಅಡುಗೆಮನೆ ಒಡೆದು, ನಿಂತು ಅಡುಗೆ ಮಾಡುವ ಕಟ್ಟೆ ಕಟ್ಟಿಸಿದ್ದರು. ಮೇಲೆ ಕರಿಕಲ್ಲಿನ ಹಾಸು. ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಸವಿತಾ ಎತ್ತರದ ಹೆಂಗಸು, ಅವಳಿಗೆ ಸರಿಹೋಯಿತು. ನಾನು ಕುಳ್ಳಿ. ಅಷ್ಟು ವರ್ಷ ನೆಲದ ಮೇಲೆ ಕುಳಿತು, ಮೈಭಾರವನ್ನೆಲ್ಲ ಕೈಗೆ ಹಾಕಿ ಬಡಿದವಳು, ಈಗ ಮೊಣಕೈ ಎತ್ತಿ ಹಿಡಿದು ಬರಿ ಭುಜದ ಬಲದಿಂದ ಬಡಿಯಬೇಕಾಯಿತು. ಆದರೆ ಹೊಸ ಕಟ್ಟೆ ನನಗೆ ಒಗ್ಗಲಿಲ್ಲ ಎಂದು ಹೇಳುವ ಬಾಯಿ ಯಾರಿಗಿದೆ? ನಾನೂ ಹೊಗಳಿದೆ.

ಮೇಲಿನ ಹಲಗೆಯಿಂದ ಹಿಟ್ಟಿನ ಡಬ್ಬಿ ಇಳಿಸುವಾಗ ಮೊದಲ ಸಲ ಭುಜ ಛಳಕ್ ಎಂದಿತು. ಆಮೇಲೆ ಜಂಪರಿನ ತೋಳು ಏರಿಸುವಾಗ, ಬೆನ್ನಿನ ಹಿಂದೆ ಕೈ ಹಾಕುವಾಗ, ತಲೆ ಬಾಚುವಾಗ. ಬಲಮಗ್ಗುಲಿಗೆ ಮಲಗುವುದು ನಿಂತೇಹೋಯಿತು. ಅತ್ತೆ “ವಾಯು ಆಗೇತಿ, ಬಟಾಟಿ ಬಿಡು” ಅಂದರು. ಪಕ್ಕದ ಮನೆಯಾಕೆ “ಮುಟ್ಟ ನಿಲ್ಲೂ ವಯಸ್ಸರಿ ಇದು, ಎಲ್ಲಾರಿಗೂ ಹಿಂಗ” ಅಂದಳು. ಬಸವರಾಜ ಹಚ್ಚಿಕೊಳ್ಳುವ ಮುಲಾಮು ತಂದುಕೊಟ್ಟ. ಊರಿನ ಡಾಕ್ಟರರು ಇಂಜೆಕ್ಷನ್ ಚುಚ್ಚಿದರು. ಕೆಲವು ದಿನ ಸುಮ್ಮನಿದ್ದು ನೋವು ಮತ್ತೆ ಬಂತು. ಯಾರೂ ನಿರ್ದಯರಲ್ಲ. ಆದರೆ ಎಲ್ಲರಿಗೂ ನನ್ನ ನೋವಿಗೆ ಒಂದು ಹೆಸರಿಟ್ಟು ಅದನ್ನು ಮುಗಿಸುವ ಅವಸರ.

ಒಂದು ದಿನ ಚಚಡಿಯಿಂದ ಯಜಮಾನರ ಕಾಕಾ ಬಂದರು. ಹಿರಿಯರು, ಅವರೆದುರು ತಲೆಯ ಮೇಲೆ ಸೆರಗಿಲ್ಲದೆ ನಿಂತವಳಲ್ಲ ನಾನು. ನೀರು ಕೊಡುವಾಗ ಸೆರಗು ಜಾರಿತು. ಎಳೆದುಕೊಳ್ಳಲು ಕೈ ಎತ್ತಿದೆ. ಭುಜದ ಮಟ್ಟಕ್ಕೆ ಬಂದು ಕೈ ನಿಂತಿತು, ಮೇಲೆ ಹೋಗಲಿಲ್ಲ. ತಂಬಿಗೆ ಇನ್ನೊಂದು ಕೈಯಲ್ಲಿತ್ತು. ಸೆರಗಿಲ್ಲದ ತಲೆಯಲ್ಲಿ ಹಾಗೇ ನಿಂತೆ. ಅವರು ಮುಖ ಆಚೆ ತಿರುಗಿಸಿಕೊಂಡು ನೀರು ಕುಡಿದರು.

ಅವರು ಹೋದ ಮೇಲೆ ಅತ್ತೆ ಕೇಳಿದರು: “ಗಂಡ ಹ್ವಾದ ಮ್ಯಾಲೆ ಸೆರಗಿನ ಹಂಗೂ ಹ್ವಾತೇನ ನಿಂದು?”

“ಕೈ ಏಳಾಕ ಒಲ್ಲದರಿ ಅತ್ತಿ.”

“ರೊಟ್ಟಿ ಬಡಿಯಾಕ ಏಳತೈತಿ, ಸೆರಗ ಹೊದಿಯಾಕ ಏಳೂದಿಲ್ಲಾ?”

ರೊಟ್ಟಿ ಬಡಿಯುವ ಕೈ ಭುಜಕ್ಕಿಂತ ಮೇಲೆ ಹೋಗುವುದೇ ಇಲ್ಲ. ಸೆರಗಿಗೆ ಹೋಗಬೇಕು. ಇದನ್ನು ಇಂದು ಬರೆಯುವಷ್ಟು ಸ್ಪಷ್ಟವಾಗಿ ಅಂದು ನನಗೇ ಗೊತ್ತಿರಲಿಲ್ಲ. ಕೈ ಅರ್ಧ ಕೆಲಸಕ್ಕೆ ಬರುತ್ತದೆ, ಅರ್ಧಕ್ಕೆ ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ, ನನಗೇ ನಂಬಿಕೆ ಕಷ್ಟವಾಗಿತ್ತು. ನಾನು ನಾಟಕ ಮಾಡುತ್ತಿದ್ದೇನೆಯೇ ಎಂದು ಒಬ್ಬಳೇ ಇದ್ದಾಗ ಕೈ ಎತ್ತಿ ಎತ್ತಿ ಪರೀಕ್ಷೆ ಮಾಡಿಕೊಂಡಿದ್ದೇನೆ. ನೋವಾದಾಗ ಒಂದು ಥರ ಸಮಾಧಾನ, ಹುಚ್ಚು ಸಮಾಧಾನ! ಸುಳ್ಳಲ್ಲ, ಸದ್ಯ.

ಹೀಗೆ ಅಂದ ಅತ್ತೆಯೇ ಮುಂದಿನ ವಾರ ನನ್ನನ್ನು ಸವದತ್ತಿ ಕಡೆಯ ಒಂದು ಹಳ್ಳಿಗೆ, ಎಲುಬು ಕೂಡಿಸುವವನ ಬಳಿಗೆ, ತಾವೇ ಕರೆದುಕೊಂಡು ಹೋದರು. ಅವನು ಎಣ್ಣೆ ಹಚ್ಚಿ ತಿಕ್ಕಿ, “ಉಸಿರ ಹಿಡಿರಿ ಯವ್ವಾ” ಎಂದು ಕೈಯನ್ನು ಒಮ್ಮೆಲೇ ಮೇಲಕ್ಕೆ ಎಳೆದ. ನಾನು ಕೂಗಿದ ಕೂಗಿಗೆ ಹೊರಗೆ ಕಟ್ಟಿದ್ದ ಎಮ್ಮೆ ಎದ್ದು ನಿಂತಿತು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಕಿಟಕಿಯ ಕಡೆ ನನ್ನನ್ನು ಕೂರಿಸಿ, ಬೇರೆಯವರು ನನ್ನ ಭುಜಕ್ಕೆ ತಾಗದಂತೆ ತಾವು ಈಚೆ ಒತ್ತಿ ಕುಳಿತರು. ಇಬ್ಬಗೆಯ ಹೆಂಗಸು ಎಂದುಕೊಂಡೆ.

ಆಮೇಲೆ ರೊಟ್ಟಿ ಬಡಿಯುವಾಗಲೂ ನೋವು ತಡೆಯಲಾಗದೆ ಹೋಯಿತು. ಬಸವರಾಜ ಬೆಳಗಾವಿಯ ಎಲುಬಿನ ಡಾಕ್ಟರರ ಬಳಿ ಕರೆದೊಯ್ದ. ಕಾಯುವ ಕೋಣೆಯಲ್ಲಿ ಎಲ್ಲರಿಗೂ ತೋರಿಸಲು ಏನಾದರೊಂದು ಇತ್ತು: ಪ್ಲಾಸ್ಟರು, ಊರುಗೋಲು, ಕುತ್ತಿಗೆಗೆ ಪಟ್ಟಿ. “ನಿಮಗೇನಾಗೇತಿರಿ?” ಎಂದು ಕೇಳಿದವರಿಗೆ “ಭುಜ” ಎಂದೆ. ಅವರು ಮಾತು ಮುಂದುವರಿಸಲಿಲ್ಲ. ಡಾಕ್ಟರರು ಕೈಯನ್ನು ಆಕಡೆ ಈಕಡೆ ತಿರುಗಿಸಿ ನೋಡಿ, ಸ್ಕ್ಯಾನಿಗೆ ಬರೆದುಕೊಟ್ಟರು.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಮೈಮೇಲಿನ ಲೋಹವನ್ನೆಲ್ಲ ತೆಗೆಯಿರಿ ಎಂದರು. ನನ್ನ ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗವಿತ್ತು. ತೆಗೆದವಳಲ್ಲ ನಾನು, ಹೆರಿಗೆಯಲ್ಲೂ ತೆಗೆದಿಲ್ಲ. ಯಜಮಾನರು ಹೋದಾಗ ತಾಳಿ ಬಳೆ ಎಲ್ಲ ಹೋಯಿತು, ಇದೊಂದು ಉಳಿದಿತ್ತು. ಇದನ್ನೂ ಬಿಚ್ಚಿ ಕೊಡು ಎಂದಾಗ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. “ಬ್ಯಾಡ್ರಿ, ನಾ ಮನೀಗೆ ಹೋಗತೇನಿ” ಎಂದು ಹೊರಟೇಬಿಟ್ಟಿದ್ದೆ. ಅಲ್ಲಿ ಕೆಲಸಕ್ಕಿದ್ದ ಕಿತ್ತೂರಿನ ಹೆಂಗಸೊಬ್ಬಳು ನನ್ನ ಹಿಂದೆಯೇ ಬಂದಳು. “ಬೆಳ್ಳಿ ಅಷ್ಟ ಒಳಗ ಬರೂದಿಲ್ರಿ ಯವ್ವಾ. ಲಿಂಗಪ್ಪ ಬರ್ತಾನ, ತಡೀರಿ” ಎಂದು ಒಳಗೆ ಕೇಳಿಕೊಂಡು ಬಂದು, ಬಿಳಿ ಬಟ್ಟೆಯ ತುಂಡೊಂದನ್ನು ನನ್ನ ಕೈಗೆ ಕೊಟ್ಟಳು. ನಾನೇ ಕರಡಿಗೆಯಿಂದ ಲಿಂಗ ತೆಗೆದು ಅದರಲ್ಲಿ ಕಟ್ಟಿದೆ. ಗಂಟು ಮಾತ್ರ ಕೊರಳ ಹಿಂದೆ ನನ್ನ ಕೈ ಹೋಗದ್ದಕ್ಕೆ ಅವಳು ಹಾಕಿದಳು. ಅವಳ ಹೆಸರು ಕೇಳಲಿಲ್ಲ. ದಿನಕ್ಕೊಮ್ಮೆ ನೆನೆಯುತ್ತೇನೆ.

ಆಮೇಲೆ ನನ್ನನ್ನು ಸ್ಕ್ಯಾನ್ ಯಂತ್ರದ ಕೊಳವೆಯೊಳಗೆ ಸರಿಸಿದರು. ಮುಖದ ಮೇಲೆ ಗೇಣು ಜಾಗವಿಲ್ಲ. ಅಲುಗಾಡಬಾರದು. ಗಡ ಗಡ, ಟಕ ಟಕ ಎಂದು ತಲೆಯ ಸುತ್ತ ಯಾರೋ ಕಬ್ಬಿಣ ಬಡಿದಂತೆ ಸದ್ದು. ಅಲ್ಲಿ ಮಲಗಿ ನನಗೆ ಹೊಳೆದದ್ದೆಂದರೆ, ಇದೇನೂ ಹೊಸದಲ್ಲ. ಒಂದು ವರ್ಷದಿಂದ ನಾನು ಹೀಗೆಯೇ ಇದ್ದೇನೆ: ಸುತ್ತ ಸದ್ದು, ನನಗೆ ಅಲುಗುವ ಹಾಗಿಲ್ಲ, ಯಾರನ್ನೂ ಕರೆಯುವ ಹಾಗಿಲ್ಲ. ಕಣ್ಣೀರು ಕಿವಿಯೊಳಗೆ ಇಳಿಯಿತು, ಒರೆಸಿಕೊಳ್ಳಲೂ ಬರಲಿಲ್ಲ.

ಡಾಕ್ಟರರು ಚಿತ್ರ ನೋಡಿ ಹೇಳಿದರು: “ಸ್ನಾಯು ಎಲುಬಿಗೆ ಕಟ್ಟಿರೂ ಭುಜದ ಹುರಿ ಅರ್ಧ ಹರಿದದ. ಗಾಬರಿ ಆಗಬ್ಯಾಡ್ರಿ, ಆಪರೇಶನ್ ಏನೂ ಬ್ಯಾಡ ಈಗ. ಫಿಜಿಯೋಥೆರಪಿ ಮಾಡಸ್ರಿ, ಕೈ ಆಡಸ್ರಿ.” ಮೊದಲನೆಯ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದು ನನಗೂ ಕೇಳಲಿಲ್ಲ, ಬಸವರಾಜನಿಗೂ ಕೇಳಲಿಲ್ಲ. ಹರಿದಿದೆ!

ಶೈಲಾಳಿಗೆ ಹೇಳಿ ಹೋಗೋಣವೆಂದು ಕಿತ್ತೂರಿನ ದಾರಿ ಹಿಡಿದೆವು. ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಹಿಂದೆ ಮುಂದೆ ಹೋಗಲು ದಾರಿಯಿಲ್ಲ. ಕಾರು ನಿಂತಿತ್ತು. ಬಸವರಾಜ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು, ನನ್ನ ಕಡೆ ನೋಡದೆ ಹೇಳಿದ: “ವೈನಿ, ನಮ್ಮದು ತಪ್ಪಾತು. ಇಷ್ಟ ದಿನ ಹರದ ಕೈಲೆ ನಿಮ್ಮ ಕಡಿಂದ ರೊಟ್ಟಿ ಮಾಡಿಸಿಕೊಂಡ ಉಂಡ್ವಿ. ಇನ್ನ ಮ್ಯಾಲೆ ನೀವು ಒಲಿ ಮುಂದ ಬರಬ್ಯಾಡ್ರಿ.” ಅವನು ಪ್ರೀತಿಯಿಂದಲೇ ಹೇಳಿದ. ಒಂದು ವರ್ಷ ಕಾದಿದ್ದ ಮಾತು ಅದು, ನನ್ನನ್ನು ನಂಬಿದ ಮಾತು. ಅದನ್ನು ಕೇಳಿ ನನಗೆ ಆದದ್ದು ಭಯ, ಬರೀ ಭಯ.

ಅಂದಿನಿಂದ ನಾನು ಮನೆಯಲ್ಲಿ ಗಾಜಿನ ಸಾಮಾನಾದೆ. ಕೈಯನ್ನು ಕೊರಳಿಗೆ ಜೋಳಿಗೆ ಕಟ್ಟಿ ನೇತುಹಾಕಿದರು. ಲೋಟ ಎತ್ತಿದರೆ ಸವಿತಾ ಓಡಿ ಬರುತ್ತಿದ್ದಳು: “ಅಕ್ಕಾ, ಬಿಡ್ರಿ ಬಿಡ್ರಿ, ಇನ್ನಟ ಹರದ್ರ ಏನ ಮಾಡೂದು!” ತಲೆ ಅವಳೇ ಬಾಚುತ್ತಿದ್ದಳು, ಜಂಪರಿನ ಗುಂಡಿ ಅವಳೇ ಹಾಕುತ್ತಿದ್ದಳು. ನಾನೂ ಹೆದರಿಕೊಂಡೆ. ಹಳೆಯ ಸೀರೆ ಹೇಗೆ ಒಂದು ಕಡೆ ಪಿಸಿದರೆ ಪರ್ರನೆ ಕೊನೆಯವರೆಗೆ ಹೋಗುತ್ತದೋ, ಹಾಗೆ ಭುಜದೊಳಗೆ ಹೋಗುತ್ತದೆ ಎಂದುಕೊಂಡು ಕೈಯನ್ನು ಅಲುಗಿಸಲೇ ಇಲ್ಲ. ಸೀನು ಬಂದರೂ ಕೈ ಅವುಚಿ ಹಿಡಿದುಕೊಳ್ಳುತ್ತಿದ್ದೆ. ಅಲುಗಿಸದೆ ಇಟ್ಟ ಭುಜ ಬಿಗಿಯುತ್ತ ಹೋಯಿತು. ಮೊದಲು ಸೆರಗಿಗೆ ಏಳದಿದ್ದ ಕೈ, ಈಗ ತುತ್ತು ಬಾಯಿಗೆ ಒಯ್ಯುವಾಗಲೂ ನಡುಗತೊಡಗಿತು.

ರೊಟ್ಟಿಗೆ ಓಣಿಯ ಹೆಂಗಸೊಬ್ಬಳನ್ನು ಹಚ್ಚಿದರು. ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಕುಳಿತು ಅವಳು ಬಡಿಯುವ ಸದ್ದು ಕೇಳುತ್ತಿದ್ದೆ. ಅವಳ ರೊಟ್ಟಿ ದಪ್ಪ. ಅದನ್ನು ತಿಂದು ಎಲ್ಲರೂ “ಚಲೋ ಆಗ್ಯಾವು” ಅಂದರು. ನನ್ನ ಮನಸ್ಸು ನೋಯಬಾರದೆಂದು ಅಂದದ್ದು ಇರಬಹುದು. ನನಗೆ ಉರಿಯಿತು.

ಕೆಲವು ವಾರಗಳಾದ ಮೇಲೆ ಕಟಕೋಳದಿಂದ ಅಣ್ಣ ಬಂದ. ಬಸವರಾಜನೇ ಫೋನ್ ಮಾಡಿದ್ದನಂತೆ. “ತಂಗೀ, ನಡಿ, ನಾಕ ದಿನಾ ಆರಾಮ ತಗೋ” ಎಂದ. ಅತ್ತೆ “ಹೋಗಿ ಬಾ, ಕೈ ನೆಟ್ಟಗಾದ ಮ್ಯಾಲೆ ಬರ್ವಂತಿ” ಎಂದರು. ಸವಿತಾ ಬ್ಯಾಗಿಗೆ ಸೀರೆ ತುಂಬಲು ಕುಳಿತಳು. ಕೈ ನೆಟ್ಟಗಾದ ಮೇಲೆ. ಆಗದಿದ್ದರೆ? ಯಾರ ಮುಖದಲ್ಲೂ ಕಪಟ ಇರಲಿಲ್ಲ, ಅದೇ ಕಷ್ಟ. ಜಗಳವಾಡೋಣವೆಂದರೆ ಎದುರಿಗೆ ಯಾರೂ ಇಲ್ಲ, ಬರೀ ಕಾಳಜಿ. ಹೋದರೆ ಈ ಹೊಸ್ತಿಲಿನ ಆಚೆಯವಳಾಗುತ್ತೇನೆ ಎಂದು ನನಗೆ ಗೊತ್ತಾಯಿತು. “ನಾ ಎಲ್ಲೀಗೂ ಬರೂದಿಲ್ಲ” ಎಂದು ಅಂದವಳೇ ಕಂಬಕ್ಕೆ ಆತುಕೊಂಡು ಕುಳಿತುಬಿಟ್ಟೆ. ಅಣ್ಣ ಬೇಜಾರು ಮಾಡಿಕೊಂಡು, ಚಹಾವನ್ನೂ ಅರ್ಧ ಬಿಟ್ಟು ಹೋದ.

ಸುದ್ದಿ ಕಿತ್ತೂರಿಗೆ ಮುಟ್ಟಿತು. ಮರುದಿನವೇ ಶೈಲಾ ಬಂದಳು. ನನ್ನ ಹಾಗೆಯೇ ಸಿಟ್ಟಿನ ಹುಡುಗಿ. “ಡಾಕ್ಟರು ಕೈ ಆಡಸ್ರಿ ಅಂದಿದ್ರು. ನೀವು ಕಟ್ಟಿ ಕುಂದರಿಸೀರಿ! ಯಾರರೇ ಚೀಟಿ ಓದೀರೇನು?” ಎಂದು ಎಲ್ಲರಿಗೂ ಒಂದೇ ಸಲ ಬೈದಳು. ಜೋಳಿಗೆ ಬಿಚ್ಚಿಸಿ, ನಮ್ಮ ಊರಲ್ಲೇ ಹೊಸದಾಗಿ ಕ್ಲಿನಿಕ್ ತೆಗೆದಿದ್ದ ಫಿಜಿಯೋಥೆರಪಿಸ್ಟ್ ರೇಣುಕಾಳ ಬಳಿಗೆ ಕರೆದೊಯ್ದಳು.

ರೇಣುಕಾ ಸವದತ್ತಿ ಕಡೆಯ ಹುಡುಗಿ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು. ಭುಜ ನೋಡಿದಳು, ಅಳೆದಳು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತು ಕೇಳಿದಳು: “ನಿದ್ದಿ ಹೆಂಗ ಬರ್ತದರಿ ಅಕ್ಕಾರ? ಮನ್ಯಾಗ ಹೆಂಗ ಅದ?”

ನನಗೆ ಎಲ್ಲಿತ್ತೋ ಸಿಟ್ಟು. “ನನ್ನ ಭುಜಾ ನೋಡವಾ ಅಂತ ಬಂದ್ರ ಮನೀ ಕೇಳ್ತಿ? ಇದೂ ನಾಟಕ ಅಂತೀಯೇನ ನೀನು? ಹರದೈತಿ, ಚಿತ್ರದಾಗ ಐತಿ, ನೋಡು!”

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. “ನೋವು ಖರೇನರಿ. ನಾ ಇಲ್ಲ ಅಂದಿಲ್ಲ. ಆದ್ರ ನಿಮ್ಮ ಭುಜಾ ದಿನಾ ಇರೂದು ಮನ್ಯಾಗ, ನನ್ನ ಕ್ಲಿನಿಕ್‌ನ್ಯಾಗ ಅಲ್ಲ. ಅದಕ್ಕ ಕೇಳಿದೆ.”

ಚಿತ್ರವನ್ನು ತೊಡೆಯ ಮೇಲೆ ಇಳಿಸಿದೆ. ಆಮೇಲೆ ಅಳು ಬಂತು. ಯಜಮಾನರು ಹೋದಾಗ ಬಂದವರಿಗೆ ಊಟಕ್ಕೆ ನೋಡಬೇಕು, ಕಾರ್ಯಕ್ಕೆ ನೋಡಬೇಕು ಎಂದು ಅಳುವುದು ಅರ್ಧಕ್ಕೆ ನಿಂತಿತ್ತು. ಭುಜ ನೋಯುತ್ತಿದ್ದಾಗ ಅತ್ತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನೋವಿಗೆ ಅಳುತ್ತಾಳೆ ಎಂದುಕೊಳ್ಳುತ್ತಿದ್ದರು. ಯಾವ ಅಳು ಭುಜದ್ದು, ಯಾವುದು ಯಜಮಾನರಿಗಾಗಿ ಎಂದು ನನಗೇ ಬೇರ್ಪಡಿಸಲು ಬರುತ್ತಿರಲಿಲ್ಲ. ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ. ಹಂಚಿನ ವಿಷಯ, ಎತ್ತರದ ಕಟ್ಟೆಯ ವಿಷಯ, ಕಟಕೋಳಕ್ಕೆ ತುಂಬಿದ ಬ್ಯಾಗಿನ ವಿಷಯ.

“ಹರದೈತಿ ಅನ್ನೂ ಮಾತಿಗೆ ಭಾಳ ಹೆದರೀರಿ ನೀವು,” ಎಂದಳು ರೇಣುಕಾ. “ನಿಮ್ಮ ವಯಸ್ಸಿನ ಎಷ್ಟೋ ಮಂದಿಗೆ ಹಿಂಗ ಇರ್ತದ, ಅವರಿಗೆ ಗೊತ್ತೂ ಇರೂದಿಲ್ಲ, ಕೆಲಸಾ ಮಾಡ್ಕೋತ ಇರ್ತಾರ. ಆಡಿಸಿದ್ರ ಹರಿಯೂದಿಲ್ಲ. ಆಡಿಸದ ಇದ್ರ ಬಿಗೀತದ. ನೋವು ಆದ್ರ ನಿಲ್ಲಸ್ರಿ, ಆರಲಿ, ಮತ್ತ ಮಾಡ್ರಿ.” ಆಮೇಲೆ ಕೇಳಿದಳು: “ರೊಟ್ಟಿ ಬಡಿಯೂವಾಗ ನಡುವ ನಿಲ್ಲಿಸಿ ಕೈ ಆರಸಾಕ ಆಗೂದಿಲ್ಲೇನ್ರಿ?”

ನಾನು ನಕ್ಕುಬಿಟ್ಟೆ. ಗಂಡಸರು ಉಣ್ಣುವಾಗ ನಿಲ್ಲಿಸುವುದೇ! ಅವಳು ನಗಲಿಲ್ಲ.

ಮನೆಯಲ್ಲಿ ವ್ಯಾಯಾಮ ಮಾಡುವುದೇ ಒಂದು ಯುದ್ಧ. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸಬೇಕು. ನಾನು ಮುಖ ಕಿವುಚಿದರೆ ಸವಿತಾ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಬಸವರಾಜ “ವೈನಿ, ಬೆಳಗಾವಿಗೆ ಒಂದ ಫೋನ್ ಹಚ್ಚಿ ಕೇಳ್ಳಿ?” ಎಂದು ಮೊಬೈಲು ಹಿಡಿದು ನಿಲ್ಲುತ್ತಿದ್ದ. ಅವರನ್ನು ನೋಡಿ ನನಗೂ ಹೆದರಿಕೆ ಮರಳುತ್ತಿತ್ತು. ಎಷ್ಟೋ ದಿನ ಬೆರಳು ಗಲ್ಲದ ಮಟ್ಟ ದಾಟಲಿಲ್ಲ. ಇಷ್ಟೇ ನನ್ನ ಹಣೆಬರಹ ಎಂದು ಗೋಡೆಗೆ ತಲೆ ಹಚ್ಚಿ ನಿಂತದ್ದಿದೆ.

ಹಾಗೆ ನಿಂತಿದ್ದ ಒಂದು ಸಂಜೆ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಅತ್ತೆ ಮಂಚದಿಂದ ಇಳಿದು ಬಂದು ನನ್ನ ಪಕ್ಕ ಗೋಡೆಗೆ ಮುಖ ಮಾಡಿ ನಿಂತರು. ತಮ್ಮ ಬಲಗೈ ಗೋಡೆಗೆ ಹಚ್ಚಿ, ನನ್ನ ಹಾಗೆಯೇ ಬೆರಳು ನಡೆಸಿದರು. ಎದೆಯ ಮಟ್ಟಕ್ಕೆ ಬಂದು ಕೈ ನಿಂತಿತು.

“ನಂದು ಇಷ್ಟ,” ಎಂದರು.

“ಯಾವಾಗಿಂದರಿ?”

“ನೀ ಬರೂಕಿಂತ ಮೊದಲಿಂದ.”

ಸೊಸೆಯಾದವಳು ಅತ್ತೆಯ ಬಾಯಿ ನೋಡುತ್ತಾಳೆ, ಭುಜವನ್ನು ಯಾರು ನೋಡುತ್ತಾರೆ? “ಯಾರ ಮುಂದೂ ಹೇಳಲಿಲ್ಲೇನ್ರಿ ಅತ್ತಿ?”

“ಯಾರ ಮುಂದ ಹೇಳ್ಳಿ? ಕೈ ಸೋತ್ತು. ಅವಸರಾ ಮಾಡಿ ಹಿರೇ ಮಗನ ಲಗ್ನಾ ಮಾಡಿಸಿದೆ. ನೀ ಬಂದಿ, ನಾ ಒಲಿ ಮುಂದಿಂದ ಎದ್ದೆ.”

ನನಗೆ ಆಗ ಹತ್ತೊಂಬತ್ತು ತುಂಬಿರಲಿಲ್ಲ. ಒಂದು ಭುಜದ ಸಲುವಾಗಿ ನನ್ನನ್ನು ಕಾಲೇಜು ಬಿಡಿಸಿ ತಂದಿದ್ದರು. ಸಿಟ್ಟು ನೆತ್ತಿಗೇರಿತು. “ಹಂಗಿದ್ರ ಕಾಕಾ ಬಂದಾಗ ನನಗ ಹಂಗ್ಯಾಕ ಅಂದ್ರಿ? ಸೆರಗಿಗೆ ಕೈ ಏಳೂದಿಲ್ಲ ಅಂತ ನಿಮಗ ಗೊತ್ತಿತ್ತಲ್ಲ!”

ಅತ್ತೆ ಗೋಡೆ ನೋಡುತ್ತಲೇ ಹೇಳಿದರು: “ನನಗೂ ಹಂಗ ಅಂದಿದ್ರು.”

ಆಮೇಲೆ ಅವರು ನನ್ನ ಮೊಣಕೈಗೆ ಕೈ ಹಚ್ಚಿ, ಎಳೆಯಲಿಲ್ಲ, ಬರೀ ಆಸರೆ ಕೊಟ್ಟರು. “ನನಗ ನೀ ಬಂದಿ. ನಿನಗ ಯಾರ ಬರ್ತಾರ? ಏರಸು. ನಾ ಹಿಡದೇನಿ.”

ಅಂದಿನಿಂದ ಅವರೇ ನನ್ನ ಕಾವಲು. ಸವಿತಾ “ಹರಿದೀತ್ರಿ” ಎಂದರೆ “ಹೋಗ ಆಚೆ” ಎಂದು ಗದರುತ್ತಿದ್ದರು. ಕೈ ದಿನದಿಂದ ದಿನಕ್ಕೆ ಏರಿತು ಎಂದು ಬರೆದರೆ ಸುಳ್ಳಾಗುತ್ತದೆ. ಏರಿತು, ಇಳಿಯಿತು, ಚಳಿಯಲ್ಲಿ ಮತ್ತೆ ಬಿಗಿಯಿತು. ಆದರೆ ಗೋಡೆಯ ಮೇಲೆ ನನ್ನ ಬೆರಳಿನ ಎಣ್ಣೆ ಗುರುತು ಮೆಲ್ಲಗೆ ಮೇಲೆ ಹೋಯಿತು. ತುರುಬನ್ನು ನಾನೇ ಕಟ್ಟಿಕೊಂಡ ದಿನ ಶೈಲಾಳಿಗೆ ಫೋನ್ ಮಾಡಿ ಅತ್ತುಬಿಟ್ಟೆ, ಅವಳೂ ಅತ್ತಳು.

ಹಂಚಿನ ಮುಂದೆ ಮರಳುತ್ತೇನೆ ಎಂದು ನಾನು ಹೇಳಿದಾಗ ಯಾರೂ ಒಪ್ಪಲಿಲ್ಲ. ಅತ್ತೆ ಒಂದು ದಪ್ಪ ಮಣೆ ತರಿಸಿ ಕಟ್ಟೆಯ ಮುಂದೆ ಇಟ್ಟರು. ಅದರ ಮೇಲೆ ನಿಂತರೆ ಮೊಣಕೈ ಕೆಳಗೆ ಬರುತ್ತದೆ. ಬಸವರಾಜ ಒಪ್ಪಿದ.

ಆ ಮಧ್ಯಾಹ್ನ ಐದೂ ಜನ ಊಟಕ್ಕೆ ಕುಳಿತಿದ್ದರು. ಮೊದಲ ರೊಟ್ಟಿಗಳು ಹೋದವು. ಸದ್ದು ಹಳೆಯ ಸದ್ದೇ. ಆಮೇಲೆ ಭುಜದಲ್ಲಿ ಸಣ್ಣಗೆ ಎಳೆತ ಶುರುವಾಯಿತು. ತಡೆದುಕೊಂಡು ಮುಗಿಸಬಹುದಿತ್ತು, ಅಷ್ಟು ವರ್ಷ ಹಾಗೆಯೇ ಮುಗಿಸಿದ್ದೆ. ಬಸವರಾಜನ ತಾಟು ಖಾಲಿಯಾಗಿತ್ತು. ಪಲ್ಯ ಬೆರಳಿನಲ್ಲಿ ಹಿಡಿದು ಮುಂದಿನ ರೊಟ್ಟಿಗೆ ಕೈ ಚಾಚಿದ್ದ.

ನಾನು ಹಿಟ್ಟಿನ ಉಂಡೆಯನ್ನು ಕೆಳಗಿಟ್ಟೆ. “ಸ್ವಲ್ಪ ತಡೀರಿ ಬಸವರಾಜ,” ಎಂದೆ. “ಕೈ ಆರಲಿ.”

ಅಂಗಡಿಯವರಿಬ್ಬರು ತಲೆ ತಗ್ಗಿಸಿದರು. ಸವಿತಾ ಗಡಬಡಿಸಿ ಎದ್ದು, ಸೀರೆ ಸೊಂಟಕ್ಕೆ ಸಿಕ್ಕಿಸಿ ಕಟ್ಟೆಯ ಕಡೆ ಬಂದಳು. “ನೀ ಕುಂದ್ರ,” ಎಂದರು ಅತ್ತೆ ಬಾಗಿಲಿನಿಂದ. “ಅಕಿ ಮಾಡ್ತಾಳ. ಅವರು ಕಾಯ್ತಾರ.”

ಬಸವರಾಜ ನನ್ನ ಕಡೆ ನೋಡಿದ. ಬೆರಳಿನಲ್ಲಿದ್ದ ಪಲ್ಯವನ್ನು ತಾಟಿನ ಅಂಚಿಗೆ ಹಾಕಿದ, ಗೋಡೆಗೆ ಬೆನ್ನು ಆನಿಸಿದ. “ಆರಲಿ ತಗೋರಿ ವೈನಿ,” ಎಂದ. ಮಕ್ಕಳೂ ಹಿಂದೆ ಸರಿದು ಕುಳಿತರು.

ನಾನು ಒಲೆ ಸಣ್ಣ ಮಾಡಿದೆ. ಮಣೆಯ ಮೇಲಿಂದ ಇಳಿದೆ. ಐದು ಜನ ಗಂಡಸರು ಖಾಲಿ ತಾಟು ಮುಂದಿಟ್ಟುಕೊಂಡು, ನನ್ನ ಭುಜ ಆರುವುದನ್ನು ಕಾಯುತ್ತ ಕುಳಿತಿದ್ದರು. ನಾನು ಅವಸರ ಮಾಡಲಿಲ್ಲ.